ಬಿಳುಪಿನ ಕ್ರೀಮಿನ ಡಬ್ಬಿಯನ್ನು ಪರೀಕ್ಷೆಗೆ ಒಯ್ಯಿರಿ: ಕೊಡಗು ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ;
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು;
ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು.

ಮಾನ್ಯರೇ,

ನಾನು ವಿರಾಜಪೇಟೆ ಭಾಗದ ಹಳ್ಳಿಗಳಲ್ಲಿ ಬಹುಕಾಲ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಲಸಿಕೆಯ ಪೆಟ್ಟಿಗೆ ಹೊತ್ತು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ, ಹಾಡಿಗಳಿಗೆ, ಗದ್ದೆಯಂಚಿನ ಒಂಟಿ ಮನೆಗಳಿಗೆ ನಡೆದು ಹೋದ ಆ ವರ್ಷಗಳಲ್ಲಿ ಮಲೇರಿಯಾ, ರಕ್ತಹೀನತೆ, ಹೆರಿಗೆಯ ತೊಂದರೆ ಇವನ್ನೆಲ್ಲ ಗುರುತಿಸಲು ಕಲಿತಿದ್ದೆ. ಆದರೆ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಕಿಡ್ನಿ ಕೆಡಬಹುದು ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ನಮ್ಮ ಮನೆಯ ಹುಡುಗಿಯೇ ಕಲಿಸಬೇಕಾಯಿತು. ಆ ಕಾರಣಕ್ಕಾಗಿ ಈ ಪತ್ರ.

ಎರಡು ವರ್ಷಗಳ ಹಿಂದೆ ನನ್ನ ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ನಿಶ್ಚಯವಾದ ದಿನದಿಂದಲೇ ಬಂದವರೆಲ್ಲ ಹುಡುಗಿಗೆ ಸ್ವಲ್ಪ ಬಣ್ಣ ಬಂದರೆ ಚೆನ್ನಾಗಿತ್ತು ಎಂದು ಹೇಳತೊಡಗಿದರು, ಮತ್ತು ಅವಳು ಪರಿಚಯದವರೊಬ್ಬರ ಕೈಯಿಂದ ಒಂದು ಸಣ್ಣ ಡಬ್ಬಿ ತರಿಸಿಕೊಂಡಳು. ಮೂರು ವಾರದಲ್ಲಿ ಮುಖ ನಿಜವಾಗಿಯೂ ಬೆಳ್ಳಗಾಯಿತು. ನಾಲ್ಕನೆಯ ತಿಂಗಳಲ್ಲಿ ಬೆಳಗ್ಗೆ ಏಳುವಾಗ ಕಣ್ಣಿನ ಕೆಳಗೆ ಊತ, ಸಂಜೆಯ ಹೊತ್ತಿಗೆ ಕಾಲಿನ ಹರಡಿನಲ್ಲಿ ಊತ, ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ ಕಾಣಿಸಿಕೊಂಡವು. ಉಪ್ಪು ಕಡಿಮೆ ಮಾಡು ಎಂದೆವು, ಓಡಾಟದ ಆಯಾಸ ಎಂದೆವು. ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿಯ ಸೋಸುವ ಭಾಗಕ್ಕೆ ಪೆಟ್ಟು ಬಿದ್ದಿದೆ ಎಂದು ತಿಳಿಯಿತು. ಯಾವ ಮಾತ್ರೆ ತಿಂದಿದ್ದೀರಿ, ಯಾವ ನಾಟಿ ಔಷಧಿ ಕುಡಿದಿದ್ದೀರಿ ಎಂದು ಎಲ್ಲರೂ ಕೇಳಿದರು. ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದವರು ಒಬ್ಬರೇ, ಅದೂ ಮೂರನೆಯ ಭೇಟಿಯಲ್ಲಿ. ಪರೀಕ್ಷೆಯಲ್ಲಿ ಅವಳ ರಕ್ತದಲ್ಲೂ ಮೂತ್ರದಲ್ಲೂ ಪಾದರಸ ಕಂಡುಬಂತು. ಕ್ರೀಮ್ ನಿಲ್ಲಿಸಿ ಚಿಕಿತ್ಸೆ ಪಡೆದ ಮೇಲೆ ತಿಂಗಳುಗಟ್ಟಲೆ ಕಾಲ ಹಿಡಿದರೂ ಅವಳು ಚೇತರಿಸಿಕೊಂಡಳು.

ಇದು ನಮ್ಮ ಮನೆಗೆ ಮಾತ್ರ ಬಂದ ವಿಚಿತ್ರವೆಂದು ಮೊದಲು ತಿಳಿದಿದ್ದೆ. ಅಲ್ಲ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದಾಗ, ಅವರಲ್ಲಿ 15 ಮಂದಿಯಲ್ಲಿ ಸಾಮಾನ್ಯವಾಗಿ ಅಪರೂಪವಾದ ಒಂದೇ ಬಗೆಯ ಗುರುತು ಸಿಕ್ಕಿತು, ಮತ್ತು ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದ್ದಾಗಿ ಒಪ್ಪಿಕೊಂಡರು. ಈ ವಿವರ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿಯೇ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಆರಂಭಿಸಿ, ಪರವಾನಗಿ ಇಲ್ಲದ ಸೌಂದರ್ಯವರ್ಧಕಗಳನ್ನು ವಶಪಡಿಸಿಕೊಂಡು, ಪ್ರಯೋಗಾಲಯಕ್ಕೆ ಕಳುಹಿಸಿತು. ಕೆಲವು ಮಾದರಿಗಳಲ್ಲಿ ಪಾದರಸ ಮಿತಿಗಿಂತ ಸಾವಿರಾರು ಪಟ್ಟು ಹೆಚ್ಚಿತ್ತು. ಮಾಕುಟ್ಟದ ಘಾಟಿಯಿಂದ, ಕುಟ್ಟದ ಗಡಿಯಿಂದ, ಕರಿಕೆಯ ದಾರಿಯಿಂದ ದಿನವೂ ನಮ್ಮ ಜನ ಅತ್ತ ಹೋಗುತ್ತಾರೆ, ಅತ್ತಲಿನ ಜನ ಇತ್ತ ಬರುತ್ತಾರೆ; ನಮ್ಮ ಅನೇಕ ಮನೆಗಳ ಸಂಬಂಧಗಳೇ ಗಡಿಯ ಎರಡೂ ಕಡೆ ಇವೆ. ಇದನ್ನು ಆಚೆಯವರ ತಪ್ಪೆಂದು ನಾನು ಹೇಳುತ್ತಿಲ್ಲ. ಅವರು ನಮಗಿಂತ ಮೊದಲು ಹುಡುಕಿದರು, ಆದ್ದರಿಂದ ಅವರಿಗೆ ಸಿಕ್ಕಿತು. ನಾವು ಹುಡುಕಲಿಲ್ಲ.

ಪಾದರಸ ಚರ್ಮವನ್ನು ಹೇಗೆ ಬೆಳ್ಳಗೆ ಮಾಡುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇನೆ, ಏಕೆಂದರೆ ಕೆಲಸ ಮಾಡುವ ಕ್ರೀಮ್ ಒಳ್ಳೆಯ ಕ್ರೀಮೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಾಗಬೇಕಾದರೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಬಣ್ಣ ಕಡಿಮೆಯಾಗುತ್ತದೆ ನಿಜ, ಆದರೆ ಪಾದರಸ ಅಲ್ಲಿಗೇ ನಿಲ್ಲುವುದಿಲ್ಲ. ಚರ್ಮದ ಮೂಲಕ ಒಳಗಿಳಿದು ಕಿಡ್ನಿಯಲ್ಲಿ ಶೇಖರವಾಗುತ್ತದೆ. ಕೈನಡುಕ, ನಿದ್ರೆ ಬಾರದಿರುವುದು, ಕಾರಣವಿಲ್ಲದ ಸಿಡುಕು, ಮರೆವು ಇವೂ ಅದರಿಂದಲೇ ಬರಬಹುದು. ಹಚ್ಚಿಕೊಂಡವರ ದಿಂಬು, ಟವೆಲ್, ಕೈಗಳ ಮೂಲಕ ಅದು ಮಕ್ಕಳನ್ನು ಮುಟ್ಟುತ್ತದೆ, ಆವಿಯಾಗಿ ಮುಚ್ಚಿದ ಕೋಣೆಯ ಗಾಳಿಯಲ್ಲಿ ಸೇರುತ್ತದೆ. ಹಾಲು ಕುಡಿಸುವ ತಾಯಿ ರಾತ್ರಿ ಮುಖಕ್ಕೆ ಹಚ್ಚಿಕೊಂಡು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ, ಆ ಕೂಸೂ ಆ ಕ್ರೀಮನ್ನು ಬಳಸಿದಂತೆಯೇ.

ಇಂಥ ಡಬ್ಬಿಗಳಲ್ಲಿ ಪಾದರಸ ಎಂದು ನೇರವಾಗಿ ಬರೆದಿರುವುದು ಅಪರೂಪ. ಕ್ಯಾಲೊಮೆಲ್, ಮರ್ಕ್ಯುರಿಯೊ, ಸಿನ್ನಬಾರಿಸ್ ಎಂಬಂಥ ಹೆಸರುಗಳಿದ್ದರೆ ಅದು ಪಾದರಸವೇ. ಹೆಸರೇ ಇಲ್ಲದಿದ್ದರೂ ಕೆಲವು ಡಬ್ಬಿಗಳ ಮೇಲೆ ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ಮುಟ್ಟಿಸಬೇಡಿ’ ಎಂಬ ಸೂಚನೆ ಇರುತ್ತದೆ, ಏಕೆಂದರೆ ಪಾದರಸ ಆ ಲೋಹಗಳನ್ನು ಕೆಡಿಸುತ್ತದೆ. ಗಾಳಿಗೆ ತೆರೆದಿಟ್ಟರೆ ಕ್ರೀಮ್ ಬೂದು ಬಣ್ಣಕ್ಕೆ ತಿರುಗುವುದೂ ಉಂಟು. ನಮ್ಮ ಹುಡುಗಿಗೆ ಡಬ್ಬಿ ಕೊಟ್ಟವರು, ಹಚ್ಚುವ ಮೊದಲು ಸರ ತೆಗೆದಿಡು ಎಂದು ಹೇಳಿದ್ದರಂತೆ. ಜೋಮಾಲೆ, ಕೊಕ್ಕೆತಾತಿ ಎಂಬ ಚಿನ್ನದ ಸರಗಳನ್ನು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಜೋಪಾನವಾಗಿ ದಾಟಿಸುವ ಮನೆಗಳಲ್ಲಿ ಆ ಮಾತನ್ನು ಎಲ್ಲರೂ ಪಾಲಿಸಿದೆವು. ಚಿನ್ನವನ್ನು ಕಾಪಾಡಿಕೊಂಡೆವು, ಚಿನ್ನವನ್ನು ಕೆಡಿಸುವುದು ಮೈಯನ್ನು ಏನು ಮಾಡೀತು ಎಂದು ಕೇಳಲಿಲ್ಲ. ಆರೋಗ್ಯ ಇಲಾಖೆಯಲ್ಲಿದ್ದ ನಾನೂ ಕೇಳಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಪಾದರಸಕ್ಕಿಂತ ಹೆಚ್ಚು ಸಾಮಾನ್ಯವಾದ ಇನ್ನೊಂದು ಅಪಾಯ ನಮ್ಮ ಮೆಡಿಕಲ್ ಶಾಪುಗಳ ಕಪಾಟಿನಲ್ಲಿಯೇ ಇದೆ. ಅದು ಸ್ಟಿರಾಯ್ಡ್ ಮುಲಾಮು. 1975ರಲ್ಲಿ ಅಮೆರಿಕದ ಚರ್ಮತಜ್ಞ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿಯೊಬ್ಬರು, ಚರ್ಮದ ಬಣ್ಣ ಕುಗ್ಗಿಸುವ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಬೆರೆಸಿ ಮುಖದ ಕಪ್ಪು ಕಲೆಗೆ ಒಂದು ಲೇಪವನ್ನು ವಿವರಿಸಿದರು. ಅದು ವೈದ್ಯರ ಕಣ್ಗಾವಲಿನಲ್ಲಿ ಸ್ವಲ್ಪ ಕಾಲ ಬಳಸಬೇಕಾದ ಔಷಧ. ಅದೇ ಜಾತಿಯ ಟ್ಯೂಬುಗಳನ್ನು ಇಂದು ನಮ್ಮ ಹುಡುಗಿಯರೂ ಹುಡುಗರೂ ವರ್ಷಗಟ್ಟಲೆ ಪೌಡರಿನ ಕೆಳಗೆ ಬಳಿದುಕೊಳ್ಳುತ್ತಿದ್ದಾರೆ. ಮೊದಲ ತಿಂಗಳು ಮುಖ ನುಣುಪಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಬರುತ್ತದೆ. ನಿಲ್ಲಿಸೋಣವೆಂದರೆ ಮುಖ ಉರಿದು ಕೆಂಡವಾಗುತ್ತದೆ, ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹೈಡ್ರೋಕ್ವಿನೋನನ್ನು ದೀರ್ಘಕಾಲ ಬಳಸಿದವರಲ್ಲಿ ಕೆಲವರಿಗೆ ಚರ್ಮ ನೀಲಿಗಪ್ಪಾಗಿ, ಹಾಗೆಯೇ ಉಳಿದುಬಿಡುತ್ತದೆ. 2011ರಲ್ಲಿ ಪ್ರಕಟವಾದ, ಭಾರತದ ಹಲವು ಕೇಂದ್ರಗಳ ಚರ್ಮತಜ್ಞರು ಸೇರಿ ಮಾಡಿದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಸ್ಟಿರಾಯ್ಡ್ ಲೇಪ ಬಳಸುತ್ತಿದ್ದರು. ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚ್‌ನಲ್ಲಿ ಇಂಥ 14 ಸ್ಟಿರಾಯ್ಡ್ ಲೇಪಗಳನ್ನು ಶೆಡ್ಯೂಲ್ ಎಚ್ ಅಡಿಗೆ ತಂದಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಮುಲಾಮಿಗೆ ಬಿಳುಪಿನ ಆಸೆಯಷ್ಟೇ ಅಲ್ಲ, ಮಳೆಗಾಲವೂ ದಾರಿ ಮಾಡಿಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ತೋಟದ ಕಾರ್ಮಿಕರು ಇಡೀ ದಿನ ಪ್ಲಾಸ್ಟಿಕ್ ಹೊದ್ದು, ರಬ್ಬರ್ ಬೂಟಿನೊಳಗೆ ಒದ್ದೆ ಕಾಲಿಟ್ಟು ದುಡಿಯುತ್ತಾರೆ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳಕಡ್ಡಿ ಎಂಬ ಶಿಲೀಂಧ್ರದ ಸೋಂಕು ಹತ್ತುತ್ತದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಸಂತೆಯ ದಿನ ಪೇಟೆಗೆ ಬಂದಾಗ ಅಂಗಡಿಯಲ್ಲಿ ತುರಿಕೆಗೆ ಏನಾದರೂ ಕೊಡಿ ಎನ್ನುತ್ತಾರೆ, ಅವರಿಗೆ ಸಿಗುವುದು ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಎಲ್ಲವನ್ನೂ ಬೆರೆಸಿದ ಟ್ಯೂಬ್. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಏಕೆಂದರೆ ಸ್ಟಿರಾಯ್ಡ್ ಚರ್ಮದ ಪ್ರತಿರೋಧವನ್ನೇ ಅಡಗಿಸುತ್ತದೆ. ಶಿಲೀಂಧ್ರ ಮಾತ್ರ ಒಳಗೊಳಗೇ ಹರಡಿ, ವೈದ್ಯರಿಗೂ ಗುರುತು ಸಿಗದ ರೂಪ ತಾಳುತ್ತದೆ. ಒಂದೇ ಲೈನ್ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಮೈಮೇಲೂ ಅದು ಇರುವುದನ್ನು ನಾನು ಕಂಡಿದ್ದೇನೆ. ಆ ಅರ್ಧ ಉಳಿದ ಟ್ಯೂಬೇ ಆಮೇಲೆ ಮನೆಯ ಹುಡುಗಿಯ ಮುಖಕ್ಕೂ ಹೋಗುತ್ತದೆ.

ಇಲ್ಲೊಂದು ಮಾತು ಸ್ಪಷ್ಟಪಡಿಸಬೇಕು. ಪರವಾನಗಿ ಪಡೆದು, ಪದಾರ್ಥಗಳ ಪಟ್ಟಿ ಮುದ್ರಿಸಿ ಮಾರುವ ಸಾಮಾನ್ಯ ಕ್ರೀಮುಗಳ ವಿರುದ್ಧ ಈ ಪತ್ರವಲ್ಲ. ಬಣ್ಣದ ಆಸೆಯನ್ನು ಬೆಳೆಸಿದ ಜಾಹೀರಾತುಗಳ ಬಗ್ಗೆ ನನಗೆ ತಕರಾರಿದೆ. ಚರ್ಮದ ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ 2014ರಲ್ಲಿ ನಿಯಮ ಮಾಡಿದ್ದೂ ನನಗೆ ತಿಳಿದಿದೆ. ಅದು ಬೇರೆ ಚರ್ಚೆ. ಈಗ ನನ್ನ ಕಾಳಜಿಯಿರುವುದು ತಯಾರಕರ ವಿಳಾಸವಿಲ್ಲದ, ಕೈಯಿಂದ ಕೈಗೆ ದಾಟುವ ಡಬ್ಬಿಗಳ ಬಗ್ಗೆ ಮತ್ತು ಚೀಟಿ ಇಲ್ಲದೆ ಸಿಗುವ ಟ್ಯೂಬುಗಳ ಬಗ್ಗೆ.

ಚರ್ಮದ ಬಣ್ಣ ಬದಲಿಸಿಕೊಳ್ಳುವ ಆಸೆ ನಮ್ಮೊಬ್ಬರದೇ ಅಲ್ಲ ಎಂಬುದನ್ನೂ, ಅದನ್ನು ಬೇರೆ ದೇಶಗಳು ಹೇಗೆ ಎದುರಿಸಿದವು ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಬಿಳಿಯ ಜನರಿರುವ ದೇಶಗಳಲ್ಲಿ ಮೈಬಣ್ಣ ಕಂದಾಗಲೆಂದು ಜನ ದುಡ್ಡು ಕೊಟ್ಟು ಅತಿನೇರಳೆ ಕಿರಣ ಸೂಸುವ ದೀಪಗಳ ಪೆಟ್ಟಿಗೆಯೊಳಗೆ ಮಲಗುತ್ತಾರೆ. ಅದಕ್ಕೆ ಟ್ಯಾನಿಂಗ್ ಬೆಡ್ ಎನ್ನುತ್ತಾರೆ. ನಾವು ಕಳೆದುಕೊಳ್ಳಲು ಹೆಣಗುವ ಬಣ್ಣವನ್ನು ಅವರು ಕೊಳ್ಳುತ್ತಾರೆ, ಮತ್ತು ಇಬ್ಬರೂ ಆರೋಗ್ಯವನ್ನೇ ಬೆಲೆಯಾಗಿ ತೆರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಯಂತ್ರಗಳನ್ನು ತಂಬಾಕು ಇರುವ ಸಾಲಿಗೇ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. 30 ವರ್ಷಕ್ಕೆ ಮೊದಲೇ ಬಳಸಲು ಆರಂಭಿಸಿದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಸಾಧ್ಯತೆ ಶೇ 75ರಷ್ಟು ಹೆಚ್ಚುತ್ತದೆ ಎಂದು ತಿಳಿಸಿತು. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಅವುಗಳ ಬಳಕೆಯನ್ನು ದೇಶಾದ್ಯಂತ ನಿಷೇಧಿಸಿತು. ಆಸ್ಟ್ರೇಲಿಯಾದ ದೊಡ್ಡ ರಾಜ್ಯಗಳಲ್ಲಿ 2015ರ ಆರಂಭಕ್ಕೆ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2016ರ ಆರಂಭಕ್ಕೆ ಇಂಥ ವಾಣಿಜ್ಯ ಕೇಂದ್ರಗಳು ಮುಚ್ಚಿದವು. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರನ್ನು ಅಲ್ಲಿಗೆ ಬಿಡುವಂತಿಲ್ಲ. ಅಲ್ಲಿಯೂ ಮೊದಲು ಅದು ಸೌಂದರ್ಯದ ವಿಷಯವೆಂದೇ ಕರೆಸಿಕೊಂಡಿತ್ತು. ಸರ್ಕಾರಗಳು ಅದನ್ನು ಆರೋಗ್ಯದ ವಿಷಯವೆಂದು ಒಪ್ಪಿಕೊಂಡ ದಿನದಿಂದ ಕ್ರಮ ಆರಂಭವಾಯಿತು.

ಮೆಲನಿನ್ ಎಂಬುದು ಚರ್ಮಕ್ಕೆ ನಿಸರ್ಗ ಹೊದಿಸಿದ ಕೊಡೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಅತಿನೇರಳೆ ಕಿರಣ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಮತ್ತು ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಬೆಳಗಿನ ಮಂಜು ಕರಗಿದ ಮೇಲೆ ಕಾಫಿ ಕುಯ್ಲಿನ ದಿನಗಳಲ್ಲಿ ಇಳಿಜಾರಿನಲ್ಲೋ ಕಣದಲ್ಲೋ ಸಂಜೆವರೆಗೆ ದುಡಿಯುವ ಹೆಣ್ಣುಮಗಳ ಚರ್ಮದಿಂದ ಆ ಕೊಡೆಯನ್ನು ಕಿತ್ತು, ಉಳಿದ ಚರ್ಮವನ್ನೂ ಸ್ಟಿರಾಯ್ಡಿನಿಂದ ತೆಳುವಾಗಿಸಿದರೆ, ಅವಳು ತನ್ನ ಕೆಲಸದ ಜಾಗದಲ್ಲಿಯೇ ನಿಲ್ಲಲಾರದವಳಾಗುತ್ತಾಳೆ.

ಕಾನೂನಿನ ಕೊರತೆ ಇದೆಯೇ ಎಂದರೆ ಬಹುಮಟ್ಟಿಗೆ ಇಲ್ಲ. 2020ರ ಸೌಂದರ್ಯವರ್ಧಕ ನಿಯಮಗಳು ಪಾದರಸದ ಸಂಯುಕ್ತ ಬೆರೆಸಿ ಸೌಂದರ್ಯವರ್ಧಕ ತಯಾರಿಸುವುದನ್ನು ತಡೆಯುತ್ತವೆ. ಕಣ್ಣಿನ ಭಾಗಕ್ಕೆ ಹಚ್ಚುವ ವಸ್ತುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು. ಪಾದರಸ ಕುರಿತ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಸ್ಥಿರೀಕರಿಸಿದೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇರಲೇಬೇಕು. ಹೊರದೇಶದ್ದಾದರೆ ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ ಇರಬೇಕು. ತಪ್ಪು ಲೇಬಲಿನ, ನಕಲಿ, ಕಲಬೆರಕೆ ಸೌಂದರ್ಯವರ್ಧಕವನ್ನು ಮಾರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಅಪರಾಧ. ಆದರೆ ಔಷಧ ಮಾರಲು ಬೇಕಾದಂಥ ಪರವಾನಗಿ ಸೌಂದರ್ಯವರ್ಧಕ ಮಾರಲು ಬೇಕಿಲ್ಲ. ಹೀಗಾಗಿ ಫ್ಯಾನ್ಸಿ ಸ್ಟೋರ್, ಬ್ಯೂಟಿ ಪಾರ್ಲರ್, ಸಂತೆಯ ತಳ್ಳುಗಾಡಿ, ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಮನೆಯಿಂದಲೇ ಮಾರುವವರು, ಇವರಲ್ಲಿ ಯಾರ ಬಾಗಿಲಿಗೂ ನಿರೀಕ್ಷಕರು ವಾಡಿಕೆಯಾಗಿ ಹೋಗುವುದಿಲ್ಲ.

ನಮ್ಮ ಹುಡುಗಿಯ ಡಬ್ಬಿಯನ್ನು ಹಿಡಿದು ನಾನು ಒಂದು ಕಚೇರಿಗೆ ಹೋಗಿದ್ದೆ. ಇದು ಔಷಧಿಯಲ್ಲ, ಸೌಂದರ್ಯದ ವಸ್ತು, ಬಿಲ್ ಇದ್ದರೆ ತನ್ನಿ ಎಂದರು. ಬಿಲ್ ಕೊಡುವವರು ಇಂಥದ್ದನ್ನು ಮಾರುವುದಿಲ್ಲ. ಮತ್ತೊಮ್ಮೆ ಹೋದಾಗ ದೂರು ಯಾರ ಮೇಲೆ ಎಂದು ಕೇಳಿದರು. ದೂರು ಡಬ್ಬಿಯ ಮೇಲೆ ಎಂದೆ. ಅದನ್ನು ಬರೆದುಕೊಳ್ಳಲು ಅವರ ಬಳಿ ನಮೂನೆ ಇರಲಿಲ್ಲ. ಆ ಸಿಬ್ಬಂದಿಯನ್ನು ದೂಷಿಸಲು ನಾನಿದನ್ನು ಹೇಳುತ್ತಿಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆ 1940ರ ಕಾಯ್ದೆಯ 26ನೆಯ ಸೆಕ್ಷನ್ ಪ್ರಕಾರ ಯಾವುದೇ ಔಷಧ ಅಥವಾ ಸೌಂದರ್ಯವರ್ಧಕವನ್ನು ಕೊಂಡವರು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿಯುಳ್ಳ ವರದಿ ಪಡೆಯಬಹುದು ಎಂಬುದು ನನಗೆ ತಿಳಿದದ್ದೇ ಬಹಳ ತಡವಾಗಿ. ಈ ಹಕ್ಕು ಕಾಗದದ ಮೇಲಿದೆ. ಮಡಿಕೇರಿಯಲ್ಲಿ ಯಾವ ಮೇಜಿನ ಮುಂದೆ ನಿಂತು ಅದನ್ನು ಚಲಾಯಿಸಬೇಕು ಎಂಬುದನ್ನು ಜಿಲ್ಲಾಡಳಿತ ಬರೆದು ಹಾಕಬೇಕು.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯವಾದ ಬೇಡಿಕೆ ಇಷ್ಟೇ: ಕೊಡಗಿನ ಐದೂ ತಾಲ್ಲೂಕುಗಳಲ್ಲಿ, ಮದುವೆಯ ಕಾಲ ಆರಂಭವಾಗುವ ಮೊದಲೇ, ಬಿಳುಪಿನ ಕ್ರೀಮುಗಳ ಮಾದರಿಗಳನ್ನು ಅಂಗಡಿ, ಪಾರ್ಲರ್, ಸಂತೆಗಳಿಂದ ಸಂಗ್ರಹಿಸಿ ಪಾದರಸ, ಸ್ಟಿರಾಯ್ಡ್, ಹೈಡ್ರೋಕ್ವಿನೋನ್ ಮೂರಕ್ಕೂ ಪರೀಕ್ಷೆ ಮಾಡಿಸಿ, ಸಿಕ್ಕಿದ್ದನ್ನು ಡಬ್ಬಿಯ ಚಿತ್ರದೊಂದಿಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಪ್ರಕಟಿಸಿರಿ. ವರದಿ ಕಡತದಲ್ಲಿ ಉಳಿದರೆ ಪ್ರಯೋಜನವಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ, ಬಸ್ ನಿಲ್ದಾಣಗಳಲ್ಲಿ ಅದು ಕಣ್ಣಿಗೆ ಬೀಳಬೇಕು. ಮೆಡಿಕಲ್ ಶಾಪುಗಳಲ್ಲಿ ಸ್ಟಿರಾಯ್ಡ್ ಮುಲಾಮಿನ ಮಾರಾಟಕ್ಕೆ ಚೀಟಿ ಕೇಳುತ್ತಾರೆಯೇ ಎಂದು ಮಳೆಗಾಲದಲ್ಲಿ ವಿಶೇಷವಾಗಿ ನೋಡಿರಿ, ಜೊತೆಗೆ ಅದೇ ದಿನಗಳಲ್ಲಿ ತೋಟಗಳ ಬಳಿಗೇ ಚರ್ಮರೋಗದ ಶಿಬಿರ ಕಳುಹಿಸಿರಿ. ಕೂಲಿ ಬಿಟ್ಟು ಆಸ್ಪತ್ರೆಗೆ ಬರಲಾಗದವರಿಂದ ಮುಲಾಮನ್ನು ಮಾತ್ರ ಕಿತ್ತುಕೊಳ್ಳುವುದು ನ್ಯಾಯವಲ್ಲ. ಪಾರ್ಲರುಗಳಲ್ಲಿ ಬೆಳ್ಳಗಾಗಲು ಗ್ಲುಟಾಥಯೋನ್ ಚುಚ್ಚುಮದ್ದು ಕೊಡುವ ಕೆಲಸ ಎಲ್ಲಿಯಾದರೂ ನಡೆದಿದ್ದರೆ ಅದನ್ನು ತಕ್ಷಣ ನಿಲ್ಲಿಸಬೇಕು.

ಎರಡನೆಯದು ನನ್ನ ಹಳೆಯ ವೃತ್ತಿಗೆ ಸಂಬಂಧಿಸಿದ್ದು, ಮತ್ತು ಇದಕ್ಕೆ ಹಣ ಬೇಡ. ಗರ್ಭಿಣಿಯರ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನಾವು ಈಗಾಗಲೇ ನೋಡುತ್ತೇವೆ. ಪ್ರೋಟೀನ್ ಕಂಡರೆ, ಕಾಲು ಊದಿದರೆ, ಬಸಿರಿನ ರಕ್ತದೊತ್ತಡವೆಂದು ತಿಳಿದು ಮುಂದೆ ಕಳುಹಿಸುತ್ತೇವೆ, ಅದು ಸರಿ. ಆದರೆ ಆ ಜೊತೆಗೆ ಒಂದು ಪ್ರಶ್ನೆಯನ್ನು ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಹಾಯಕಿಯರೂ ಕೇಳಲಿ: ಮುಖಕ್ಕೆ ಏನು ಹಚ್ಚುತ್ತೀಯಮ್ಮಾ, ಡಬ್ಬಿ ತೋರಿಸು. ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿಯೂ ಊತದಿಂದ ಬಂದ ಪ್ರತಿಯೊಬ್ಬರಿಗೂ, ಗಂಡಸರಿಗೂ, ಇದೇ ಪ್ರಶ್ನೆ ಇರಲಿ. ನಮ್ಮ ಹುಡುಗಿಗೆ ಮೊದಲ ಭೇಟಿಯಲ್ಲಿಯೇ ಈ ಪ್ರಶ್ನೆ ಬಂದಿದ್ದರೆ ಅವಳು ಇನ್ನೂ ಆರು ವಾರ ಆ ವಿಷ ಹಚ್ಚಿಕೊಳ್ಳುತ್ತಿರಲಿಲ್ಲ.

ಸಾರ್ವಜನಿಕರಲ್ಲಿ ಒಂದು ವಿನಂತಿ. ಇಂಥ ಡಬ್ಬಿ ಮನೆಯಲ್ಲಿದ್ದರೆ ಬಳಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸ್ಟಿರಾಯ್ಡ್ ಟ್ಯೂಬನ್ನು ಬಹಳ ಕಾಲದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕೆಂಬುದನ್ನು ಅವರಿಂದಲೇ ಕೇಳಿ. ಡಬ್ಬಿಯನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಕಾಗದ, ಪ್ಲಾಸ್ಟಿಕ್ ಎಲ್ಲವನ್ನೂ ನೀರು ಕಾಯಿಸುವ ಒಲೆಗೆ ಎಸೆಯುವ ರೂಢಿ ಇದೆ. ಪಾದರಸ ಬಿಸಿಗೆ ಆವಿಯಾಗಿ ಮನೆಮಂದಿಯ ಉಸಿರಿಗೇ ಸೇರುತ್ತದೆ. ತೋಡಿಗೂ ಎಸೆಯಬೇಡಿ, ಇಲ್ಲಿಯ ಬಹುಪಾಲು ತೋಡುಗಳ ನೀರು ಕಾವೇರಿಗೆ ಸೇರುತ್ತದೆ. ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅವನ್ನು ಮರಳಿ ಪಡೆಯಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಜಾಗ ಗೊತ್ತುಮಾಡುವುದು ಜಿಲ್ಲಾಡಳಿತದ ಕೆಲಸ.

ಆ ಡಬ್ಬಿ ಈಗಲೂ ನನ್ನ ಬಳಿ ಇದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಜಿನ ಭರಣಿಯಲ್ಲಿಟ್ಟು, ಮನೆಯಿಂದ ಹೊರಗಿನ ಕೊಟ್ಟಿಗೆಯ ಕಪಾಟಿನಲ್ಲಿ ಬೀಗ ಹಾಕಿದ್ದೇನೆ. ಅದರಲ್ಲಿ ಕಾಲು ಭಾಗ ಕ್ರೀಮ್ ಉಳಿದಿದೆ, ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ ಎಂದು ಭಾವಿಸಿದ್ದೇನೆ. ತಮ್ಮ ನಿರೀಕ್ಷಕರು ಯಾವ ದಿನ ಬಂದರೂ ರಸೀದಿ ಪಡೆದು ಒಪ್ಪಿಸುತ್ತೇನೆ, ಶುಲ್ಕವನ್ನೂ ನಾನೇ ಕಟ್ಟುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು